ಅದೇ ಪ್ರೋಟೀನ್, ಆದ್ರೂ ಸಾಯೋದು ಬ್ಯಾಕ್ಟೀರಿಯಾ ಮಾತ್ರ ಯಾಕೆ?

ಪ್ರಶ್ನೆ: ನಮ್ಮಲ್ಲೂ ಬ್ಯಾಕ್ಟೀರಿಯಾದಲ್ಲೂ ಒಂದೇ ಥರದ ರೈಬೋಸೋಮ್ ಪ್ರೋಟೀನುಗಳಿವೆ ಎನ್ನುತ್ತಾಳೆ ಬಿ.ಎಸ್ಸಿ. ಓದುವ ಮಗಳು. ಹಾಗಿದ್ದರೆ ತಂದೆಯವರಿಗೆ ಟಿ.ಬಿ. ಬಂದಾಗ ಕೊಟ್ಟ ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್ ಬರೀ ಬ್ಯಾಕ್ಟೀರಿಯಾವನ್ನೇ ಕೊಂದಿದ್ದು ಹೇಗೆ? ಆಮೇಲೆ ಅವರ ಕಿವಿ ಮಂದವಾಯಿತು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?
– ಓದುಗರು, ತಿಪಟೂರು

ಉತ್ತರ: ಮಗಳು ಹೇಳಿದ್ದು ಸರಿ. ಪ್ರೋಟೀನ್ ಕಟ್ಟುವ ಯಂತ್ರವೇ ರೈಬೋಸೋಮ್. ಇ. ಕೋಲಿ ಬ್ಯಾಕ್ಟೀರಿಯಾದ ಯಂತ್ರದಲ್ಲಿ 54 ಪ್ರೋಟೀನು, ನಮ್ಮದರಲ್ಲಿ 80. ಅವುಗಳಲ್ಲಿ ಮೂವತ್ತಕ್ಕೂ ಜಾಸ್ತಿ ಎಲ್ಲ ಜೀವಿಗಳಲ್ಲೂ ಇವೆ. ನಿಮ್ಮ ಪ್ರಶ್ನೆಗೆ ಬೇಕಾದದ್ದು ಒಂದೇ. ಬ್ಯಾಕ್ಟೀರಿಯಾದಲ್ಲಿ ಅದು ಎಸ್12, ನಮ್ಮಲ್ಲಿ ಎಸ್23, ಯೀಸ್ಟ್‌ನಲ್ಲಿ ಹಿಂದೆ ಎಸ್28 ಅಂತಿದ್ದರು. ಒಂದೇ ಮನೆತನಕ್ಕೆ ಊರೂರಲ್ಲಿ ಒಂದೊಂದು ಹೆಸರು! ಈ ಗೋಜಲು ಸಾಕಾಗಿ 2014ರಲ್ಲಿ ಎಲ್ಲದಕ್ಕೂ ಯುಎಸ್12 ಅಂತ ಹೆಸರಿಟ್ಟರು ('ಯು' ಅಂದರೆ ಯೂನಿವರ್ಸಲ್, ಎಲ್ಲ ಜೀವಿಗಳಲ್ಲೂ ಇರುವಂಥದ್ದು).

ಇದರ ಕೆಲಸ ಏನು ಗೊತ್ತಾ? ಜೀನ್‌ನ ಸಂದೇಶವನ್ನು ಮೂರು ಮೂರು ಅಕ್ಷರವಾಗಿ ಓದುವ ಜಾಗದಲ್ಲೇ ಇದು ಕೂತಿರುತ್ತದೆ, ತಪ್ಪು ಓದದಂತೆ ಕಾಯುವವರಲ್ಲಿ ಇದೂ ಒಂದು. ಸ್ಟ್ರೆಪ್ಟೋಮೈಸಿನ್ ಇದರ ಪಕ್ಕದಲ್ಲೇ ಅಂಟಿಕೊಂಡು ಓದುವುದನ್ನು ಕೆಡಿಸುತ್ತದೆ. ಟಿ.ಬಿ. ಬ್ಯಾಕ್ಟೀರಿಯಾ ಸುಮ್ನೆ ಕೂರುವುದಿಲ್ಲ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರಪಳಿ; ಈ ಪ್ರೋಟೀನಿನ 43ನೇ ಜಾಗದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಹೋಗಿ ಆರ್ಜಿನಿನ್ ಎಂಬ ಇನ್ನೊಂದು ಬಂದರೆ (ಡಿಎನ್‌ಎಯಲ್ಲಿ ಒಂದು 'ಎ' ಹೋಗಿ 'ಜಿ' ಆದರೆ ಸಾಕು) ಔಷಧಿ ನಾಟುವುದೇ ಇಲ್ಲ. ಇನ್ನೂ ತಮಾಷೆ ಅಂದರೆ, ಎಸ್12 ಬೇರೆ ಥರ ಬದಲಾದ ಕೆಲವು ಬ್ಯಾಕ್ಟೀರಿಯಾ ಸ್ಟ್ರೆಪ್ಟೋಮೈಸಿನ್ ಇಲ್ಲದಿದ್ದರೆ ಬೆಳೆಯುವುದೇ ಇಲ್ಲ, ವಿಷವೇ ಊಟ! ಯೀಸ್ಟ್‌ನಲ್ಲಿ ಅದೇ ಲೈಸಿನ್ನನ್ನು ಬದಲಿಸಿ ನೋಡಿದರೆ ಅಲ್ಲೂ ಓದುವ ನಿಖರತೆ ಏರುಪೇರಾಯಿತು. ಕೋಟ್ಯಂತರ ವರ್ಷ ಕಳೆದರೂ ಆ ಜಾಗಕ್ಕೆ ಅದೇ ಕೆಲಸ.

ಹಾಗಾದರೆ ನಮಗೇಕೆ ತಟ್ಟುವುದಿಲ್ಲ? ರೈಬೋಸೋಮಿನಲ್ಲಿ ಪ್ರೋಟೀನಿನ ಜೊತೆ ಆರ್‌ಎನ್‌ಎ (ಡಿಎನ್‌ಎಯಂಥದ್ದೇ ಅಕ್ಷರಗಳ ಸರಪಳಿ) ಕೂಡ ಇದೆ. ಔಷಧಿ ಹಿಡಿದುಕೊಳ್ಳುವುದು ಪ್ರೋಟೀನನ್ನಷ್ಟೇ ಅಲ್ಲ, ಸುತ್ತಲಿನ ಆರ್‌ಎನ್‌ಎ ಮಡಿಕೆಗಳನ್ನೂ. ಅದನ್ನೇ ಜಾಸ್ತಿ ಹಿಡಿಯುತ್ತದೆ. ನಮ್ಮ ಆರ್‌ಎನ್‌ಎಯ ಕೆಲವು ಅಕ್ಷರ ಬೇರೆ, ಹಾಗಾಗಿ ಹಿಡಿತ ಸಿಗುವುದಿಲ್ಲ.

ಆದರೆ ನಮ್ಮ ಮೈಟೋಕಾಂಡ್ರಿಯಾದೊಳಗೆ (ಜೀವಕೋಶಕ್ಕೆ ಶಕ್ತಿ ಕೊಡುವ ಭಾಗ) ಬೇರೆಯೇ ರೈಬೋಸೋಮ್ ಇದೆ, ಅದರ ಮೂಲ ಬ್ಯಾಕ್ಟೀರಿಯಾ, ಹಾಗಾಗಿ ಔಷಧಿಗೆ ಅಲ್ಲಿ ಹಿಡಿತ ಸಿಗಬಹುದು. ಕಿವಿಯ ಕಥೆಗೆ ಅದೂ ಒಂದು ದಾರಿ. ಸ್ಟ್ರೆಪ್ಟೋಮೈಸಿನ್ ಒಳಕಿವಿಗೆ ಏಟು ಕೊಡುವುದು ಹಳೇ ವಿಷಯ, ತಲೆಸುತ್ತು ಬಂದು ನಡಿಗೆ ತಪ್ಪುವುದೂ ಉಂಟು. ಕೆಲವರ ಮೈಟೋಕಾಂಡ್ರಿಯಾ ಡಿಎನ್‌ಎಯ 1555ನೇ ಅಕ್ಷರ ಬದಲಾಗಿರುತ್ತದೆ, ಅಂಥವರಿಗೆ ಈ ಗುಂಪಿನ ಔಷಧಿಯಿಂದ ಕಿವುಡಾಗುವ ಭಯ ಜಾಸ್ತಿ. ತಂದೆಯವರಿಗೆ ಇದೇ ಆಯಿತು ಅಂತ ನಾನು ಹೇಳಲಾರೆ, ವಯಸ್ಸೂ ಇರಬಹುದು ಅಲ್ವಾ. ಮೈಟೋಕಾಂಡ್ರಿಯಾ ಬರುವುದು ತಾಯಿಯಿಂದ, ಹಾಗಾಗಿ ಅವರಿಂದ ನಿಮಗೆ ಬಂದಿರುವುದಿಲ್ಲ. ಆದರೆ ತಂದೆಯವರ ಅಕ್ಕತಂಗಿಯರಿಗೆ ಅದೇ ತಾಯಿಯಿಂದ ಬಂದಿರಬಹುದು, ಅವರಿಂದ ಅವರ ಮಕ್ಕಳಿಗೂ. ಹಾಗಾಗಿ ಅವರು ಇಂಥ ಇಂಜೆಕ್ಷನ್ ತಗೊಳ್ಳುವ ಮೊದಲು ಡಾಕ್ಟರಿಗೆ ಈ ವಿಷಯ ಹೇಳಲಿ.