ಎಸ್‌ಟಿಪಿ ಕಾರ್ಬನ್ ಫಿಲ್ಟರ್‌ನಲ್ಲಿ ಮಾತ್ರೆ ಅಂಶ ನಿಲ್ಲುತ್ತಾ?

ಪ್ರಶ್ನೆ: ಬೆಂಗಳೂರಲ್ಲಿ ನಮ್ದು 120 ಮನೆ ಅಪಾರ್ಟ್‌ಮೆಂಟು, ಎಸ್‌ಟಿಪಿ (ಕೊಳಚೆ ನೀರು ಶುದ್ಧಿ ಮಾಡೋ ಘಟಕ) ನೀರನ್ನೇ ಫ್ಲಶ್‌ಗೆ, ಗಾರ್ಡನ್‌ಗೆ ಬಿಡ್ತೀವಿ. ಅರ್ಧಕ್ಕರ್ಧ ಮನೇಲಿ ಶುಗರ್, ಮಂಡಿನೋವು ಅಂತ ಮಾತ್ರೆ ನುಂಗೋರಿದಾರೆ, ಅದೆಲ್ಲಾ ನೀರಲ್ಲೇ ಉಳಿಯುತ್ತಾ? ದಿನಾ ಕಾರ್ಬನ್ ಫಿಲ್ಟರ್ ಬ್ಯಾಕ್‌ವಾಶ್ (ನೀರು ಉಲ್ಟಾ ಬಿಟ್ಟು ತೊಳೆಯೋದು) ಮಾಡ್ತೀವಲ್ಲ ಸಾಕು ಅಂತಾನೆ ಆಪರೇಟರ್.

ಉತ್ತರ: ಸಾಕಾಗಲ್ಲ. ಬ್ಯಾಕ್‌ವಾಶ್‌ಗೆ ಮೇಲಿನ ಕೆಸರು ಹೋಗುತ್ತೆ ಅಷ್ಟೇ, ಒಳಗಿನ ತೂತುಗಳಲ್ಲಿ ಅಂಟಿದ್ದು ಅಲ್ಲೇ ಇರುತ್ತೆ. ಕಾರ್ಬನ್ ಕೆಲಸ ಮಾಡೋದೇ ಆ ತೂತುಗಳಿಂದ, ತೆಂಗಿನ ಚಿಪ್ಪಿನ ಒಳ್ಳೆ ಕಾರ್ಬನ್ ಒಂದು ಗ್ರಾಂ ತಗೊಂಡು ಅದರ ಒಳಮೈಯೆಲ್ಲಾ ಬಿಚ್ಚಿ ಹಾಸಿದ್ರೆ ಸುಮಾರು 1000 ಚದರ ಮೀಟರ್, 30×40 ಸೈಟು ಒಂಬತ್ತು ಆಗುತ್ತೆ ನೋಡಿ! ಆದ್ರೆ ಔಷಧಿ ಬರೋದ್ರೊಳಗೆ ನೀರಲ್ಲಿರೋ ಹಳದಿ ಬಣ್ಣ, ಸೋಪು ಇವೇ ಬಂದು ಸೈಟು ಹಿಡ್ಕೊಂಡಿರುತ್ವೆ.

ಎಲ್ಲಾ ಔಷಧಿ ಒಂದೇ ಥರ ಅಲ್ಲ. ಶುಗರ್‌ನ ಮೆಟ್‌ಫಾರ್ಮಿನ್ ದೇಹದಲ್ಲಿ ಒಡೆಯದೆ ಹಾಗೇ ಮೂತ್ರದಲ್ಲಿ ಬರುತ್ತೆ, ಅದಕ್ಕೆ ನೀರಂದ್ರೆ ಪ್ರಾಣ, ಕಾರ್ಬನ್‌ಗೆ ಸರಿಯಾಗಿ ಅಂಟಲ್ಲ, ಆದ್ರೆ ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸೋ ಏರೇಷನ್ ಟ್ಯಾಂಕ್ ಚೆನ್ನಾಗಿದ್ರೆ ಬ್ಯಾಕ್ಟೀರಿಯಾನೇ ಬಹುಪಾಲು ಒಡೆದುಹಾಕುತ್ವೆ (ಗ್ವಾನಿಲ್‌ಯೂರಿಯಾ ಅನ್ನೋ ಬಾಲ ಉಳಿಯುತ್ತೆ, ಅದು ಬೇರೆ ಕತೆ). ಫಿಟ್ಸ್‌ಗೆ ಕೊಡೋ ಕಾರ್ಬಮಝೆಪಿನ್ ಉಲ್ಟಾ, ಬ್ಯಾಕ್ಟೀರಿಯಾ ಮೂಸಿಯೂ ನೋಡಲ್ಲ, ಕಾರ್ಬನ್ ಹಿಡಿಯುತ್ತೆ. ನೋವಿನ ಔಷಧಿ ಡೈಕ್ಲೋಫೆನಾಕ್ ಕೂಡ ಹೆಚ್ಚುಕಮ್ಮಿ ಹಂಗೇ. ರಣಹದ್ದು ಸತ್ತು ಸತ್ತು 2006ರಲ್ಲಿ ದನಗಳಿಗೆ ಕೊಡೋದು ಬ್ಯಾನ್ ಆಯ್ತಲ್ಲ, ಅದೇ ಇದು. ಮಂಡಿಗೆ ಆ ಜೆಲ್ ಹಚ್ಚಿ ಸ್ನಾನ ಮಾಡಿದ್ರೆ ಬಹುಪಾಲು ನೇರ ನಿಮ್ಮ ಎಸ್‌ಟಿಪಿಗೇ.

ಗಾಬರಿ ಬೇಡ. 2007ರಲ್ಲಿ ಹೊರಬಂದ ಸ್ಟಡಿಯಲ್ಲಿ ಹೈದರಾಬಾದ್ ಪಕ್ಕದ ಪಟಾನ್‌ಚೆರುವಲ್ಲಿ ಔಷಧಿ ಫ್ಯಾಕ್ಟರಿಗಳ ನೀರು ಶುದ್ಧಿ ಮಾಡೋ ಪ್ಲಾಂಟಿಂದ ಹೊರಬರೋ ನೀರಲ್ಲೇ ಲೀಟರಿಗೆ 31 ಮಿಲಿಗ್ರಾಂವರೆಗೂ ಸಿಪ್ರೊಫ್ಲಾಕ್ಸಸಿನ್ ಅನ್ನೋ ಆಂಟಿಬಯೋಟಿಕ್ ಸಿಕ್ಕಿತ್ತು, ಮನೆಗಳ ಕೊಳಚೆಯಲ್ಲಿ ಸಾಮಾನ್ಯವಾಗಿ ಮೈಕ್ರೋಗ್ರಾಂ (ಮಿಲಿಗ್ರಾಂನ ಸಾವಿರದಲ್ಲೊಂದು ಪಾಲು) ಲೆಕ್ಕ.

ನಿಮ್ಮ ಕಾರ್ಬನ್‌ಗೆ ಜೀವ ಇದೆಯಾ ನೋಡ್ಬೇಕಾ? ಅಕ್ವೇರಿಯಂ ಅಂಗಡೀಲಿ ಮೆಥಿಲೀನ್ ಬ್ಲೂ ಅನ್ನೋ ನೀಲಿ ಬಣ್ಣ ತನ್ನಿ. ಎರಡು ಬಾಟ್ಲಿ ನೀರಿಗೆ ಒಂದೊಂದು ಹನಿ ಬಿಟ್ಟು, ಒಂದಕ್ಕೆ ಫಿಲ್ಟರ್ ಒಳಗಿನ ಕಾರ್ಬನ್ ಒಂದು ಚಮಚ, ಇನ್ನೊಂದಕ್ಕೆ ಹೊಸದು ಒಂದು ಚಮಚ ಹಾಕಿ ಆಗಾಗ ಕುಲುಕ್ತಾ ರಾತ್ರಿಯಿಡೀ ಬಿಡಿ. ಹೊಸದು ಹಾಕಿದ ನೀರು ತಿಳಿ ಆಗಿ ನಿಮ್ದು ಹಾಕಿದ್ದು ಇನ್ನೂ ನೀಲಿ ಇದ್ರೆ ಮೀಡಿಯಾ (ಒಳಗಿನ ಕಾರ್ಬನ್) ಚೇಂಜ್ ಮಾಡ್ಸಿ, ಕೊಟೇಶನ್‌ನಲ್ಲಿ ಅಯೋಡಿನ್ ನಂಬರ್ (ಕಾರ್ಬನ್ ಎಷ್ಟು ಹಿಡಿಯುತ್ತೆ ಅನ್ನೋ ಅಳತೆ) 900ರ ಮೇಲೆ ಇದೆಯಾ ಕೇಳಿ. ತೆಗೆದ ಹಳೆ ಕಾರ್ಬನ್ ಗೊಬ್ಬರ ಅಂತ ಗಿಡಕ್ಕೆ ಸುರೀಬೇಡಿ, ಹಿಡಿದಿದ್ದೆಲ್ಲಾ ಅದರಲ್ಲೇ ಇರುತ್ತೆ, 800 ಡಿಗ್ರಿ ಹತ್ರ ಕಾಯಿಸಿ ಮತ್ತೆ ಆಕ್ಟಿವೇಟ್ ಮಾಡೋರಿಗೆ ಕೊಡಿ.