ಫ್ಲಾರೆನ್ಸ್ ಎಂಬ ಮೊಮ್ಮಗಳು

ಪತ್ರ: ಇಂಗ್ಲೆಂಡಿನಲ್ಲಿರುವ ಮಗ ಮತ್ತು ಅಲ್ಲಿಯವಳೇ ಆದ ಸೊಸೆ ಸೇರಿ ಮೊಮ್ಮಗಳಿಗೆ ಫ್ಲಾರೆನ್ಸ್ ಅಂತ ಹೆಸರಿಟ್ಟಿದ್ದಾರೆ. ವಿಚಾರಿಸಿದರೆ ಅದು ಇಟಲಿಯ ಒಂದು ಊರಂತೆ! ಊರಿನ ಹೆಸರನ್ನು ಮಗುವಿಗೆ ಇಡುತ್ತಾರಾ? ಒಳ್ಳೆ ಅರ್ಥದ ಹೆಸರು ಸಿಗಲಿಲ್ಲವಾ?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಅರ್ಥ ಬೇಕೇ ಬೇಕು ಅಂದರೆ ಇದೆ, ರಾಯರೇ. ಲ್ಯಾಟಿನ್ ಮೂಲದ್ದು, ಅರಳುವುದು ಅಂತ. ಸಮಾಧಾನವಾಯಿತಾ? ಆದರೆ ಆ ಹೆಸರಿನ ತೂಕ ಅಲ್ಲಿಲ್ಲ.

1820ರ ಮೇ 12ರಂದು ಫ್ಲಾರೆನ್ಸ್ ನಗರದಲ್ಲಿ ಇಂಗ್ಲಿಷ್ ದಂಪತಿಗೆ ಮಗಳು ಹುಟ್ಟಿದಳು. ಊರಿನ ಹೆಸರನ್ನೇ ಇಟ್ಟರು. ಅಕ್ಕ ನೇಪಲ್ಸ್‌ನಲ್ಲಿ ಹುಟ್ಟಿದವಳು. ಅವಳಿಗೆ ಆ ಊರಿನ ಹಳೇ ಗ್ರೀಕ್ ಹೆಸರು, ಪಾರ್ಥೆನೋಪೆ. ಪಾಪ, ಅದು ಯಾರ ಬಾಯಲ್ಲೂ ಉಳಿಯಲಿಲ್ಲ. ತಂಗಿ ಫ್ಲಾರೆನ್ಸ್ ನೈಟಿಂಗೇಲ್ 1854ರಲ್ಲಿ 38 ದಾದಿಯರ ಜೊತೆ ಟರ್ಕಿಯ ಸ್ಕುಟಾರಿಗೆ ಹೋದರು. ಕ್ರಿಮಿಯಾ ಯುದ್ಧದ ಗಾಯಾಳುಗಳು ಅಲ್ಲಿದ್ದರು. ದೀಪದ ಕಥೆ ಎಲ್ಲರಿಗೂ ಗೊತ್ತು. ನನಗೆ ಜಾಸ್ತಿ ಇಷ್ಟ ಅವರ ಲೆಕ್ಕಾಚಾರ. ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ರೋಗದಿಂದ ಸತ್ತರು ಅಂತ ಬಣ್ಣದ ನಕ್ಷೆ ಬರೆದು ಸರಕಾರದ ಮುಂದಿಟ್ಟರು. ಆಮೇಲೆ ನೋಡಿ, ಇಂಗ್ಲೆಂಡಿನ ತೊಟ್ಟಿಲುಗಳ ತುಂಬ ಫ್ಲಾರೆನ್ಸ್‌ಗಳೇ. ಅಲ್ಲಿವರೆಗೆ ಅಪರೂಪದ ಹೆಸರು ಅದು, ಗಂಡಸರಿಗೂ ಇಡುತ್ತಿದ್ದದ್ದುಂಟು!

1988ರಲ್ಲಿ ಅಮೆರಿಕದ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ 100 ಮೀಟರನ್ನು 10.49 ಸೆಕೆಂಡಿನಲ್ಲಿ ಓಡಿದರು. ಬಣ್ಣ ಬಳಿದ ಉದ್ದುದ್ದ ಉಗುರಿನ ಫ್ಲೋ-ಜೋ. ಮಹಿಳೆಯರ ಆ ವಿಶ್ವದಾಖಲೆ ಇನ್ನೂ ಹಾಗೇ ಇದೆ.

ಊರಿನ ಹೆಸರಾ ಅಂತೀರಿ. ಕೇದಾರ, ಬದರಿ, ಶ್ರೀಶೈಲ ಎಲ್ಲ ಮತ್ತೇನು? ಗುಂಡಪ್ಪ ಅಂದರೆ ನಿಮಗೆ ಗುಂಡುಕಲ್ಲು ನೆನಪಾಗುತ್ತದಾ, ಡಿ.ವಿ.ಜಿ. ನೆನಪಾಗುತ್ತಾರಾ? ಹುಟ್ಟಿದ್ದೆಲ್ಲ ಕಳಕೊಂಡು, ಕೊನೆಗೆ ಹುಟ್ಟಿದ್ದನ್ನು ತಿಪ್ಪೆ ಮೇಲೆ ಹೊರಳಿಸಿ ತಿಪ್ಪಣ್ಣ ಅಂದ ತಾಯಿ ಯಾವ ಅರ್ಥ ಹುಡುಕಿದಳು? ಮಗು ಬದುಕಿದರೆ ಸಾಕಿತ್ತು ಅವಳಿಗೆ.

ಈಗಿನ ನಾಮಕರಣಕ್ಕೆ ಹೋಗಿ. ಅಪ್ಪ ಅಕ್ಕಿ ತಟ್ಟೆ ಮುಂದೆ ಉಂಗುರ ಹಿಡಿದು ಕೂತಿರುತ್ತಾನೆ. ಸೋದರತ್ತೆ ಮೊಬೈಲ್ ನೋಡಿ ಒಂದೊಂದೇ ಅಕ್ಷರ ಹೇಳುತ್ತಾಳೆ. 'ಸೂರ್ಯನ ಮೊದಲ ಕಿರಣ' ಅಂತ ಅರ್ಥವಂತೆ! ಯಾವ ನಿಘಂಟು ತೆಗೆದರೂ ಆ ಪದ ಸಿಗುವುದಿಲ್ಲ. ಅಜ್ಜಿಗೆ ನಾಲಿಗೆ ಹೊರಳದೆ ಪುಟ್ಟಿ ಅಂತಲೇ ಕರೆಯುತ್ತಾರೆ. ಇಂಥವಕ್ಕೆ ತಲೆದೂಗುವ ನಾವು ಫ್ಲಾರೆನ್ಸ್‌ಗೆ ಯಾಕೆ ಮುಖ ಸಿಂಡರಿಸಬೇಕು?

ಮಗು ಊರಿಗೆ ಬಂದಾಗ ತೊಟ್ಟಿಲಿಗೆ ಹಾಕಿ, ನಿಮ್ಮ ತಾಯಿಯ ಹೆಸರನ್ನೂ ಕಿವಿಯಲ್ಲಿ ಹೇಳಿ. ಒಂದೇ ಹೆಸರು ಇಡಬೇಕೆಂಬ ಶಾಸ್ತ್ರ ನಮ್ಮಲ್ಲಿಲ್ಲವಲ್ಲ. ಸೊಸೆಯ ಹತ್ತಿರ ಮಾತ್ರ ಅರ್ಥದ ವಿಚಾರ ಎತ್ತಬೇಡಿ. ತಿರುಗಿ ನಿಮ್ಮ ಹೆಸರಿನ ಅರ್ಥ ಕೇಳಿಬಿಟ್ಟಾರು!