ನೆಲದ ಮೇಲೆ ಅಬ್ಬರಿಸುವ ಇಂಜಿನ್ ಆಕಾಶದಲ್ಲಿ ಸೊರಗುವುದೇಕೆ?

ಪ್ರಶ್ನೆ: ನನ್ನ ಮಾದರಿ ವಿಮಾನಕ್ಕೆ 0.46 ಕ್ಯೂಬಿಕ್ ಇಂಚಿನ ಟೂ ಸ್ಟ್ರೋಕ್ ಗ್ಲೋ ಇಂಜಿನ್ ಹಾಕಿದ್ದೇನೆ. ಪ್ರೊಪೆಲ್ಲರ್ 11 ಇಂಚು, ಪಿಚ್ (ಲೆಕ್ಕದ ಪ್ರಕಾರ ಒಂದು ಸುತ್ತಿಗೆ ಮುಂದೆ ಸಾಗುವ ದೂರ) 6 ಇಂಚು. ನೆಲದ ಮೇಲೆ ಪೂರ್ತಿ ಥ್ರಾಟಲ್ ಕೊಟ್ಟು, ಇಂಜಿನ್ನಿನ ವೇಗ ಅತಿ ಹೆಚ್ಚು ಬರುವ ಕಡೆಗೆ ನೀಡಲ್ (ಇಂಧನದ ಹರಿವು ಹೊಂದಿಸುವ ಸೂಜಿ ತಿರುಪು) ನಿಲ್ಲಿಸಿ ಹಾರಿಸುತ್ತೇನೆ. ಮೊದಲು ಚೆನ್ನಾಗಿ ಏರುತ್ತದೆ. ಸ್ವಲ್ಪ ಹೊತ್ತಿಗೆ ಶಕ್ತಿ ಕುಗ್ಗುತ್ತದೆ, ಕೆಲವು ಸಲ ನಿಂತೇ ಹೋಗುತ್ತದೆ. ಇಳಿಸಿ ನೋಡಿದರೆ ವಿಪರೀತ ಕಾದಿರುತ್ತದೆ. ನೈಟ್ರೊ (ಶಕ್ತಿ ಹೆಚ್ಚಿಸಲು ಇಂಧನಕ್ಕೆ ಬೆರೆಸುವ ನೈಟ್ರೊಮೀಥೇನ್) ಜಾಸ್ತಿ ಇರುವ ಇಂಧನ ಹಾಕಲೇ?

ಉತ್ತರ: ಇಂಧನ ಹಾಗೇ ಇರಲಿ. ಮೊದಲು ನೀಡಲ್ ಸ್ವಲ್ಪ ತೆರೆಯಿರಿ.

ವೇಗ ಅತಿ ಹೆಚ್ಚು ಬರುವ ಕಡೆಗೇ ನಿಲ್ಲಿಸುತ್ತೀರಲ್ಲ, ತೊಂದರೆ ಅಲ್ಲೇ ಇದೆ. ವಿಮಾನ ಮೇಲೆದ್ದಾಗ ಪ್ರೊಪೆಲ್ಲರಿನ ಹೊರೆ ಹಗುರಾಗಿ ಇಂಜಿನ್ ಇನ್ನೂ ಜೋರಾಗಿ ತಿರುಗುತ್ತದೆ. ಮೂಗು ಎತ್ತಿ ಏರುವಾಗ ಟ್ಯಾಂಕು ಕಾರ್ಬುರೇಟರಿಗಿಂತ ಕೆಳಗಾಗುತ್ತದೆ. ಹಾರುತ್ತ ಹೋದಂತೆ ಟ್ಯಾಂಕಿನ ಮಟ್ಟವೂ ಇಳಿಯುತ್ತದೆ. ನೆಲದ ಮೇಲೆ ಸರಿಯಾಗಿದ್ದ ಮಿಶ್ರಣ ಮೇಲೆ ಲೀನ್ ಆಗುತ್ತದೆ, ಅಂದರೆ ಗಾಳಿ ಜಾಸ್ತಿ, ಇಂಧನ ಕಡಿಮೆ.

ಈ ಇಂಜಿನ್ನಿಗೆ ಇಂಧನ ಬರೀ ಉರಿಯುವುದಕ್ಕಲ್ಲ. ಅದರಲ್ಲಿರುವ ಮೆಥನಾಲ್ ಆವಿಯಾಗುವಾಗ ಒಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಎಣ್ಣೆಯೂ ಅದರಲ್ಲೇ ಬೆರೆತು ಬರುತ್ತದೆ, ಬೇರೆ ದಾರಿ ಇಲ್ಲ. ನೀಡಲ್ ಬಿಗಿ ಮಾಡಿದಷ್ಟೂ ತಂಪೂ ಕಡಿಮೆ, ಎಣ್ಣೆಯೂ ಕಡಿಮೆ. ಗ್ಲೋ ಪ್ಲಗ್ಗಿನಲ್ಲಿ, ಅಂದರೆ ಕಾದ ತಂತಿಯಿಂದ ಇಂಧನ ಹೊತ್ತಿಸುವ ಪ್ಲಗ್ಗಿನಲ್ಲಿ, ಹೊತ್ತಿಕೊಳ್ಳುವ ಸಮಯ ಗೊತ್ತುಮಾಡುವ ಸಲಕರಣೆಯೂ ಇರುವುದಿಲ್ಲ. ಬಿಸಿ ಏರಿದರೆ ಮಿಶ್ರಣ ಬೇಗನೆ ಹೊತ್ತಿಕೊಳ್ಳುತ್ತದೆ, ಅದರಿಂದ ಬಿಸಿ ಮತ್ತೂ ಏರುತ್ತದೆ. ನಿಮ್ಮ ಇಂಜಿನ್ ಸೊರಗುವುದು ಈ ಸುಳಿಗೆ ಸಿಕ್ಕಿ. ಹೀಗೇ ಹಾರಿಸುತ್ತಿದ್ದರೆ ಪಿಸ್ಟನ್ನೂ ಅದು ಓಡಾಡುವ ಲೈನರೂ ಸವೆದುಹೋಗುತ್ತವೆ. ಒಳ್ಳೆಯ ಇಂಜಿನ್ ಅದು, ದಯವಿಟ್ಟು ಹಾಳುಮಾಡಿಕೊಳ್ಳಬೇಡಿ.

ಹೊಂದಿಸುವಾಗ ಪ್ರೊಪೆಲ್ಲರಿನ ಹಿಂದೆ ಇರಿ, ಮುಂದೆಯಾಗಲಿ ಪಕ್ಕದ ನೇರದಲ್ಲಾಗಲಿ ಯಾರೂ ನಿಲ್ಲಬಾರದು. ಪ್ಲಗ್ಗಿನ ಬ್ಯಾಟರಿ ತೆಗೆದು, ಪೂರ್ತಿ ಥ್ರಾಟಲಿನಲ್ಲಿ ವೇಗ ತುದಿ ಮುಟ್ಟುವವರೆಗೆ ನೀಡಲ್ ತಿರುಗಿಸಿ. ಅಲ್ಲಿಂದ ಹಿಂದಕ್ಕೆ ತೆರೆಯುತ್ತ ಬನ್ನಿ. ಟ್ಯಾಕೋಮೀಟರ್ ಇದ್ದರೆ ನಿಮಿಷಕ್ಕೆ 300ರಿಂದ 500 ಸುತ್ತು ಇಳಿಯಲಿ. ಇಲ್ಲದಿದ್ದರೆ ಕಿವಿಯನ್ನೇ ನಂಬಿ, ಇಳಿದದ್ದು ಕೇಳಿಸಬೇಕು. ಆಮೇಲೆ ವಿಮಾನವನ್ನು ಗಟ್ಟಿಯಾಗಿ ಹಿಡಿದು ಮೂಗನ್ನು ನೇರ ಆಕಾಶಕ್ಕೆ ಮಾಡಿ, ಹತ್ತು ಸೆಕೆಂಡು ಕೇಳಿ. ವೇಗ ತುಸು ಏರಿದರೆ ಅಥವಾ ಹಾಗೇ ನಿಂತರೆ ಹಾರಿಸಬಹುದು. ಕುಗ್ಗಿದರೆ ನೀಡಲನ್ನು ಇನ್ನೂ ಒಂದೆರಡು ಕ್ಲಿಕ್ ತೆರೆಯಬೇಕು. ನನ್ನ ಪ್ರಕಾರ ಈ ಒಂದು ಪರೀಕ್ಷೆಯನ್ನು ಯಾವತ್ತೂ ಬಿಡಬಾರದು. ಹಾರುವಾಗ ಹಿಂದೆ ತೆಳ್ಳಗೆ ಬಿಳಿ ಹೊಗೆ ಕಾಣುತ್ತಿರಲಿ.

ನೀಡಲ್ ತೆರೆದರೂ ಇಂಜಿನ್ ಒಂದೇ ಹದದಲ್ಲಿ ನಿಲ್ಲದಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ ಅಂತ ಅರ್ಥ. ಕೊಳವೆಯಲ್ಲಿ ಗುಳ್ಳೆ ಓಡುತ್ತಿವೆಯಾ ನೋಡಿ. ಟ್ಯಾಂಕಿನ ಒಳಗಿನ ಕೊಳವೆ ಸೀಳಿರಬಹುದು, ಹೊರಗಿಂದ ಅದು ಕಾಣುವುದಿಲ್ಲ, ಬಿಚ್ಚಿಯೇ ನೋಡಬೇಕು. ಇಂಜಿನ್ನಿನ ಹಿಂಬದಿಯ ಮುಚ್ಚಳದ (ಬ್ಯಾಕ್‌ಪ್ಲೇಟಿನ) ಸ್ಕ್ರೂ, ಕಾರ್ಬುರೇಟರಿನ ಬುಡದ ಓ-ರಿಂಗ್, ಮಫ್ಲರಿನಿಂದ ಟ್ಯಾಂಕಿಗೆ ಬರುವ ಪ್ರೆಶರ್ ಕೊಳವೆ, ಇವನ್ನೂ ಬಿಡಬೇಡಿ. ಟ್ಯಾಂಕಿನ ನಡುಮಟ್ಟ ನೀಡಲಿನ ಮಟ್ಟಕ್ಕೆ ಹತ್ತಿರ ಇರಬೇಕು.

ಇಂಜಿನ್ನಿಗೆ ಕೌಲ್ (ಹೊರ ಹೊದಿಕೆ) ಇದ್ದರೆ ಒಮ್ಮೆ ಕಳಚಿ ಹಾರಿಸಿ. ಬಿಸಿ ಇಳಿದರೆ ಗಾಳಿ ಹೊರಹೋಗುವ ಕಿಂಡಿ ಚಿಕ್ಕದಾಗಿದೆ. ಒಳಬರುವ ಕಿಂಡಿಗಿಂತ ಅದು ದೊಡ್ಡದಿರಬೇಕು.

ಇನ್ನು ನೈಟ್ರೊ. ಅದು ಜಾಸ್ತಿಯಾದಷ್ಟೂ ಇಂಜಿನ್ನಿಗೆ ಹೆಚ್ಚು ಇಂಧನ ಬೇಕು. ನೀಡಲ್ ಮುಟ್ಟದೆ ಹಾಕಿದರೆ ಈಗಿರುವುದಕ್ಕಿಂತ ಲೀನ್ ಆಗುತ್ತದೆ. ನಿಮ್ಮ ಇಂಜಿನ್ನಿಗೆ ಶೇಕಡಾ 10 ನೈಟ್ರೊ ಸಾಕು. ಎಣ್ಣೆ ಮಾತ್ರ ಶೇಕಡಾ 18ಕ್ಕಿಂತ ಕಡಿಮೆ ಬೇಡ, ಅದರಲ್ಲಿ ಸ್ವಲ್ಪವಾದರೂ ಹರಳೆಣ್ಣೆ ಇರಲಿ.